ನೀಲಗಿರಿ ಎಣ್ಣೆ: ಎರಡು ಹನಿ ಅಂದ್ರೆ ನಿಜಕ್ಕೂ ಎಷ್ಟು?

ಇವತ್ತಿನ ಮಾತು ನಮ್ಮಲ್ಲಿ ತುಂಬಾ ಜನರ ಮನೆಯಲ್ಲಿರೋ ಒಂದು ಪುಟ್ಟ ಬಾಟಲಿಯ ಬಗ್ಗೆ. ಊಟಿಗೆ ಹೋದವರು ಚಾಕೊಲೇಟ್ ಜೊತೆ ತರೋದು ನೀಲಗಿರಿ ಎಣ್ಣೆ. ನಾನು ಮೈಸೂರಿನಿಂದ ಪುಣೆಗೆ ಹೊರಟಾಗಲೆಲ್ಲ ಅಮ್ಮ ಚಟ್ನಿಪುಡಿ ಡಬ್ಬಿಯ ಪಕ್ಕ ಒಂದು ಬಾಟಲಿ ಇಟ್ಟೇ ಕಳಿಸ್ತಾರೆ.

ಹೋದ ಮಳೆಗಾಲದಲ್ಲಿ ನನ್ನ ಮಗಳಿಗೆ ಹನ್ನೊಂದು ತಿಂಗಳು. ಮೂಗು ಕಟ್ಟಿ ಒಂದೇ ಸಮನೆ ಅಳು. ಅಮ್ಮ ಫೋನಿನಲ್ಲಿ, "ಬಿಸಿನೀರಿಗೆ ಎರಡು ಹನಿ ನೀಲಗಿರಿ ಹಾಕಿ ರೂಮಲ್ಲಿಡು ಮಗಾ" ಅಂದ್ರು. ನಾನು ಎಂಜಿನಿಯರ್ ಅಲ್ವಾ, ಇನ್ನೂ ಚೆನ್ನಾಗಿ ಮಾಡೋಣ ಅಂತ ಡಿಫ್ಯೂಸರ್‌ಗೆ ಹದಿನೈದು ಹನಿ ಹಾಕಿ, ಕಿಟಕಿ ಮುಚ್ಚಿ ಮಲಗಿದೆ. ನಡುರಾತ್ರಿ ಮಗುವಿನ ಕೆಮ್ಮು ಜಾಸ್ತಿಯಾಯ್ತು, ಉಸಿರು ಸುಯ್ ಸುಯ್ ಅನ್ನೋಕೆ ಶುರುವಾಯ್ತು. ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: "ಏನಾದ್ರೂ ಹಚ್ಚಿದ್ರಾ? ಹಬೆ ಕೊಟ್ರಾ?"

ಬೆಳಗಿನ ಹೊತ್ತಿಗೆ ಮಗು ಸುಧಾರಿಸಿಕೊಂಡಳು. ನೆಗಡಿಯೂ ಇತ್ತು, ಹಾಗಾಗಿ ಎಣ್ಣೆಯೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಕೂತು ಓದಿದೆ. ಓದಿದ್ದನ್ನೇ ಇಲ್ಲಿ ಹೇಳ್ತಿದ್ದೀನಿ.

ಇದು ಅಡುಗೆ ಎಣ್ಣೆಯಂಥ ಎಣ್ಣೆ ಅಲ್ಲ

ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಇವೆಲ್ಲ ಕೊಬ್ಬು. ಬಟ್ಟೆ ಮೇಲೆ ಬಿದ್ದರೆ ಜಿಡ್ಡು ಉಳಿಯುತ್ತೆ. ನೀಲಗಿರಿ, ಲವಂಗ, ಮಜ್ಜಿಗೆಹುಲ್ಲು, ಶ್ರೀಗಂಧ, ಇವುಗಳ ತೈಲ ಹಾಗಲ್ಲ. ಗಾಳಿಗೆ ಆವಿಯಾಗಿ ಹೋಗೋ ಸಣ್ಣ ಅಣುಗಳ ಮಿಶ್ರಣ. ನೀಲಗಿರಿ ಎಣ್ಣೆಯ ಬಹುಪಾಲು ಸಿನಿಯೋಲ್ ಅನ್ನೋ ಒಂದೇ ರಾಸಾಯನಿಕ. ಲವಂಗದಲ್ಲಿ ಯೂಜಿನಾಲ್, ಮಜ್ಜಿಗೆಹುಲ್ಲಿನಲ್ಲಿ ಸಿಟ್ರಾಲ್.

ತೆಗೆಯೋದು ಭಟ್ಟಿ ಇಳಿಸಿ. ಸಿನಿಯೋಲ್ ಕುದಿಯೋದು ಸುಮಾರು 176 ಡಿಗ್ರಿಯಲ್ಲಿ. ಆದರೆ ಎಲೆಗಳ ಮೂಲಕ ನೀರಿನ ಹಬೆ ಹಾಯಿಸಿದರೆ 100 ಡಿಗ್ರಿಯ ಒಳಗೇ ಹಬೆಯ ಜೊತೆ ಎದ್ದು ಬರುತ್ತೆ. ತಣ್ಣಗಾದ ಮೇಲೆ ನೀರು ಕೆಳಗೆ, ಎಣ್ಣೆ ಮೇಲೆ. 1916ರಲ್ಲಿ ಮೈಸೂರು ಸಂಸ್ಥಾನ ಗಂಧದೆಣ್ಣೆ ಕಾರ್ಖಾನೆ ಶುರು ಮಾಡಿದ್ದರ ಹಿಂದೆ ಇರೋದೂ ಇದೇ ಭಟ್ಟಿಯ ವಿದ್ಯೆ.

ಇಲ್ಲೊಂದು ಲೆಕ್ಕ ನೋಡಿ. ನೂರು ಕೇಜಿ ನೀಲಗಿರಿ ಎಲೆಗೆ ಸಿಗೋದು ಹೆಚ್ಚುಕಮ್ಮಿ ಒಂದೆರಡು ಕೇಜಿ ಎಣ್ಣೆ. ಅಂದ್ರೆ 10 ಎಂಎಲ್ ಬಾಟಲಿಯಲ್ಲಿ ಅರ್ಧದಿಂದ ಒಂದು ಕೇಜಿ ಎಲೆಯ ಸಾರ ಕೂತಿದೆ. ಅಜ್ಜಿ ಹಂಡೆಗೆ ನಾಲ್ಕು ಎಲೆ ಹಾಕ್ತಿದ್ರು, ಬಚ್ಚಲ ಬಾಗಿಲು ತೆಗೆದೇ ಇರ್ತಿತ್ತು. ನಾನು ಮುಚ್ಚಿದ ರೂಮಿನಲ್ಲಿ ರಾತ್ರಿಯಿಡೀ ಓಡಿಸಿದ್ದು ಅದಕ್ಕೆ ಹೋಲಿಕೆಯೇ ಅಲ್ಲ.

ಕೆಲಸ ಮಾಡುತ್ತೆ, ಅದಕ್ಕೇ ಎಚ್ಚರ

"ಗಿಡದಿಂದ ಬಂದಿದ್ದು, ಏನೂ ಆಗಲ್ಲ" ಅಂತೀವಲ್ಲ, ಅಲ್ಲೇ ನಾವು ತಪ್ಪೋದು. ಈ ತೈಲಗಳಿಗೆ ನಿಜವಾದ ಗುಣ ಇದೆ. ಲವಂಗದ ಯೂಜಿನಾಲನ್ನು ಹಲ್ಲಿನ ಡಾಕ್ಟರುಗಳು ಸಿಮೆಂಟಿನಲ್ಲಿ ಬಳಸ್ತಾರೆ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಮೊಡವೆ ರೋಗಿಗಳ ಮೇಲೆ ಒಂದು ಪರೀಕ್ಷೆ ಆಯ್ತು. ಶೇ. 5ರ ಟೀ ಟ್ರೀ ಜೆಲ್, ಶೇ. 5ರ ಬೆಂಜಾಯ್ಲ್ ಪೆರಾಕ್ಸೈಡ್, ಎರಡೂ ಮೊಡವೆ ಕಡಿಮೆ ಮಾಡಿದವು. ಟೀ ಟ್ರೀ ನಿಧಾನ, ಆದರೆ ಅದರ ಉರಿ, ತುರಿಕೆ ಕಡಿಮೆ. ಗಮನಿಸಿ, ಅದು ಶೇ. 5, ಬಾಟಲಿಯಿಂದ ನೇರ ಸುರಿದಿದ್ದಲ್ಲ.

ಗುಣ ಇದ್ದಲ್ಲಿ ದೋಷವೂ ಇರುತ್ತೆ. ನೀಲಗಿರಿ, ಕರ್ಪೂರ ಎರಡೂ ಮೆದುಳಿನ ನರಗಳನ್ನು ಕೆರಳಿಸಬಲ್ಲವು. 2021ರಲ್ಲಿ ಬೆಂಗಳೂರಿನ ನರರೋಗ ತಜ್ಞರ ತಂಡವೊಂದು ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ತೈಲಗಳಿಗೆ ಸಂಬಂಧಿಸಿ ಫಿಟ್ಸ್ ಬಂದ 55 ವಯಸ್ಕರ ವಿವರ ಇದೆ. ದೊಡ್ಡವರಿಗೇ ಹೀಗಾದರೆ, ಹತ್ತು ಕೇಜಿ ತೂಗದ ಮಗುವಿನ ಗತಿ ಯೋಚಿಸಿ. ಮನೆಯಲ್ಲಿ ಫಿಟ್ಸ್ ಇರುವವರಿದ್ದರೆ, ಬಾಮ್ ಹಚ್ಚೋ ಮೊದಲು ಅವರ ಡಾಕ್ಟರ್‌ಗೆ ಒಂದು ಮಾತು ಕೇಳಿ.

ಹಾಗಾದ್ರೆ ಬಳಸೋದು ಹೇಗೆ?

ಮೈಗೆ ಹಚ್ಚೋದಾದರೆ: ಒಂದು ಎಂಎಲ್ ಅಂದ್ರೆ ಸುಮಾರು 20 ಹನಿ. ಎರಡು ಚಮಚ, ಅಂದ್ರೆ 10 ಎಂಎಲ್ ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಹಾಕಿದರೆ ಶೇ. 2 ಆಗುತ್ತೆ. ದೊಡ್ಡವರ ಮೈಗೆ ಅಷ್ಟು ಸಾಕು, ಮುಖಕ್ಕೆ ಅದರ ಅರ್ಧ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ನಿಂಬೆಸಿಪ್ಪೆ ಹಿಂಡಿ ತೆಗೆದ ತೈಲ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗುತ್ತೆ, ಬೇಡ.

ಡಿಫ್ಯೂಸರ್‌ಗೆ: ಮೂರ್ನಾಲ್ಕು ಹನಿ, ಅರ್ಧ ಗಂಟೆ, ಕಿಟಕಿ ತೆಗೆದಿರಲಿ. ಮನೆಯಲ್ಲಿ ಆಸ್ತಮಾ ಇರುವವರು, ಎಳೆ ಮಗು ಅಥವಾ ಬೆಕ್ಕು ಇದ್ದರೆ ಅದೂ ಬೇಡ. ಬೆಕ್ಕಿನ ಲಿವರ್‌ಗೆ ಇವನ್ನು ಕರಗಿಸಿ ಹೊರಹಾಕೋ ಶಕ್ತಿ ಕಡಿಮೆ.

ಸೊಳ್ಳೆಗೆ: ಮಜ್ಜಿಗೆಹುಲ್ಲಿನ ಎಣ್ಣೆ ಬೇಗ ಆವಿಯಾಗುತ್ತೆ, ಹಾಗೇ ಅದರ ರಕ್ಷಣೆಯೂ. ಡೆಂಗಿ ಸೀಸನ್‌ನಲ್ಲಿ ಅದನ್ನೇ ನಂಬಿ ಕೂರಬೇಡಿ. ಸೊಳ್ಳೆಪರದೆಯೇ ವಾಸಿ.

ಮನೆಕೆಲಸಕ್ಕೆ: ಸ್ಟೀಲ್ ಡಬ್ಬಿ, ಗಾಜಿನ ಬಾಟಲಿ ಮೇಲಿನ ಸ್ಟಿಕ್ಕರ್ ಅಂಟು ಹೋಗಬೇಕಾ? ಹತ್ತಿಗೆ ಎರಡು ಹನಿ ನೀಲಗಿರಿ ಹಾಕಿ ಉಜ್ಜಿ, ಬಿಟ್ಟುಬರುತ್ತೆ. ಲ್ಯಾಪ್‌ಟಾಪ್ ಮೇಲೆ ಪ್ರಯೋಗ ಬೇಡ, ಕೆಲವು ಪ್ಲಾಸ್ಟಿಕ್ಕನ್ನೂ ಅದು ತಿನ್ನುತ್ತೆ.

ಇಡೋ ಜಾಗ: ಕಂದು ಗಾಜಿನ ಬಾಟಲಿ, ಬಿಗಿ ಮುಚ್ಚಳ, ಬಿಸಿಲಿಲ್ಲದ ಕಡೆ. ಗಾಳಿ ಸೇರಿ ಹಳತಾದ ತೈಲಕ್ಕೆ ಚರ್ಮದ ಅಲರ್ಜಿ ಬರೋ ಸಾಧ್ಯತೆ ಜಾಸ್ತಿ. ಎಲ್ಲಕ್ಕಿಂತ ಮುಖ್ಯ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿಡಿ. ಒಂದು ಚಮಚ ಕುಡಿದರೂ ಮಗುವಿಗೆ ಅಪಾಯ. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಎಳೆ ಮಗುವಿನ ಮೂಗು ಕಟ್ಟಿದರೆ? ನಮ್ಮ ಡಾಕ್ಟರ್ ಬರೆದುಕೊಟ್ಟಿದ್ದು ಬರೀ ಉಪ್ಪುನೀರಿನ ಮೂಗಿನ ಡ್ರಾಪ್ಸ್. ಎರಡು ವರ್ಷ ತುಂಬೋವರೆಗೆ ನೀಲಗಿರಿ, ಕರ್ಪೂರ, ಬಾಮ್ ಯಾವುದೂ ಮಗುವಿನ ಹತ್ತಿರ ಬೇಡ ಅಂದ್ರು.

ಇದನ್ನೆಲ್ಲ ಅಮ್ಮನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಎರಡೇ ಹನಿ ಅಂದಿದ್ದೆ ಕಣೋ" ಅಂದ್ರು. ನಿಜ, ಹದಿನೈದು ಮಾಡಿದ್ದು ನಾನು. ಈಗ ಆ ಎರಡೂ ಬೇಡ ಅಂತ ಇಬ್ಬರೂ ಒಪ್ಪಿಕೊಂಡಿದ್ದೀವಿ. ಬಾಟಲಿ ಈಗಲೂ ಬರುತ್ತೆ, ಚಟ್ನಿಪುಡಿ ಪಕ್ಕದಲ್ಲೇ. ನಾನು ಅದನ್ನು ಬೀರುವಿನ ಮೇಲಿನ ಖಾನೆಯಲ್ಲಿ ಇಡ್ತೀನಿ. ನಿಮ್ಮದು ಎಲ್ಲಿದೆ, ಇವತ್ತೇ ಒಮ್ಮೆ ನೋಡಿ.