ಹಗಲು-ರಾತ್ರಿಯ ಲೆಕ್ಕ ಮತ್ತು ಅವರೆಯ ಬಿತ್ತನೆ

ಚಳಿಗಾಲದಲ್ಲಿ ನಮ್ಮಲ್ಲಿ ಬೆಳಗಿನ ಆರು ಗಂಟೆಯಾದಾಗ ಅಮೆರಿಕದ ನ್ಯೂಯಾರ್ಕಿನಲ್ಲಿ ಹಿಂದಿನ ದಿನದ ಸಂಜೆ ಏಳೂವರೆ ಗಂಟೆ. ಹೀಗೇಕೆ ಎಂದು ರೈತ ಬಾಂಧವರು ಕೇಳುವುದುಂಟು. ಇದರ ಕಾರಣ ತಿಳಿದರೆ ಬಿತ್ತನೆಗೆ ಸಂಬಂಧಿಸಿದ ಒಂದು ಮುಖ್ಯ ವಿಷಯವೂ ತಿಳಿಯುತ್ತದೆ.

ತೆಂಗಿನಕಾಯಿಯ ಪ್ರಯೋಗ

ಕತ್ತಲೆ ಕೋಣೆಯಲ್ಲಿ ದೀಪದ ಎದುರು ಸುಲಿದ ತೆಂಗಿನಕಾಯಿಯೊಂದನ್ನು ಹಿಡಿಯಿರಿ. ದೀಪವೇ ಸೂರ್ಯ, ಕಾಯಿಯೇ ಭೂಮಿ. ದೀಪದ ಕಡೆಯ ಅರ್ಧಕ್ಕೆ ಬೆಳಕು, ಹಿಂಬದಿಯ ಅರ್ಧಕ್ಕೆ ಕತ್ತಲೆ. ಕಾಯಿಯ ಎರಡು ಪಕ್ಕಗಳಲ್ಲಿ ಒಂದೊಂದು ಸುಣ್ಣದ ಬೊಟ್ಟು ಇಟ್ಟು ನಿಧಾನವಾಗಿ ತಿರುಗಿಸಿದರೆ, ಒಂದು ಬೊಟ್ಟು ಬೆಳಕಿಗೆ ಬರುವಾಗ ಇನ್ನೊಂದು ಕತ್ತಲೆಗೆ ಸರಿಯುತ್ತದೆ.

ಭೂಮಿಯೂ ಹೀಗೆಯೇ ಪಶ್ಚಿಮದಿಂದ ಪೂರ್ವಕ್ಕೆ 24 ಗಂಟೆಗಳಲ್ಲಿ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ ಆಯಿತು. ಭಾರತದ ಗಡಿಯಾರವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೂ, ನ್ಯೂಯಾರ್ಕಿನ ಗಡಿಯಾರವನ್ನು 75 ಡಿಗ್ರಿ ಪಶ್ಚಿಮ ರೇಖಾಂಶಕ್ಕೂ ಹೊಂದಿಸಲಾಗಿದೆ. ನಡುವಿನ ಅಂತರ 157.5 ಡಿಗ್ರಿ. ಇದನ್ನು 15ರಿಂದ ಭಾಗಿಸಿದರೆ ಹತ್ತೂವರೆ ಗಂಟೆ ಬರುತ್ತದೆ. ಬೇಸಿಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಅಂತರ ಒಂಬತ್ತೂವರೆ ಗಂಟೆ.

ಹಗಲಿನ ಉದ್ದ

ಭೂಮಿ ನೆಟ್ಟಗೆ ನಿಂತು ತಿರುಗುವುದಿಲ್ಲ. ಅದರ ಅಕ್ಷ ಸುಮಾರು 23.5 ಡಿಗ್ರಿ ವಾಲಿದೆ. ಹೀಗೆ ವಾಲಿಕೊಂಡೇ ಸೂರ್ಯನನ್ನು ಸುತ್ತುವುದರಿಂದ ಹಗಲಿನ ಉದ್ದ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಬೆಂಗಳೂರಿನಲ್ಲಿ ಜೂನ್ 21ರ ಸುಮಾರಿಗೆ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ 22ರ ಸುಮಾರಿಗೆ ಸುಮಾರು 11 ಗಂಟೆ 20 ನಿಮಿಷ. ಈ ಒಂದೂವರೆ ಗಂಟೆ ನಮಗೆ ಅಲ್ಪವೆನಿಸಬಹುದು. ಆದರೆ ಕೆಲವು ಬೆಳೆಗಳಿಗೆ ಇದೇ ಪಂಚಾಂಗ.

ಅವರೆಗೂ ಇದಕ್ಕೂ ಏನು ಸಂಬಂಧ?

ಗಿಡಕ್ಕೆ ಗಡಿಯಾರದ ಗಂಟೆ ಬೇಕಿಲ್ಲ; ರಾತ್ರಿಯ ಕತ್ತಲೆ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಅದು ಗುರುತಿಸುತ್ತದೆ. ನಾಟಿ ಅವರೆ ಅಂತಹ ಒಂದು ಬೆಳೆ. ಮುಂಗಾರಿನಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಅವರೆ ಬಳ್ಳಿ ಬೆಳೆಸುತ್ತಾ ಕಾದಿದ್ದು, ರಾತ್ರಿ ದೀರ್ಘವಾದಾಗ ಹೂ ಬಿಡುತ್ತದೆ. ಮಾಗಿಯ ಚಳಿಗೆ ಸೊಗಡಿನ ಕಾಯಿ ದೊರೆಯುವುದು ಇದೇ ಕಾರಣದಿಂದ.

ಇದೇ ಬೀಜವನ್ನು ಫೆಬ್ರವರಿ-ಮಾರ್ಚಿಯಲ್ಲಿ ನೀರಾವರಿಯಲ್ಲಿ ಬಿತ್ತಿದರೆ ಹಗಲು ದೀರ್ಘವಾಗುತ್ತಾ ಹೋಗುವುದರಿಂದ ಬಳ್ಳಿ ಹುಲುಸಾಗಿ ಹಬ್ಬುತ್ತದೆಯೇ ಹೊರತು ಕಾಲಕ್ಕೆ ಹೂ ಬರುವುದಿಲ್ಲ. ಬೀಜ ಕೆಟ್ಟದ್ದೆಂದೋ ಗೊಬ್ಬರ ಸಾಲದೆಂದೋ ಭಾವಿಸಿ ಮತ್ತಷ್ಟು ಗೊಬ್ಬರ ಹಾಕುವುದು ವ್ಯರ್ಥ. ಹಾಗೆಯೇ ಮುಂಗಾರು ಕಳೆದ ಮೇಲೆ ತೀರ ತಡವಾಗಿ ಬಿತ್ತಿದರೆ ಗಿಡ ಸಾಕಷ್ಟು ಬೆಳೆಯುವ ಮೊದಲೇ ಹೂ ಬಂದು ಇಳುವರಿ ತಗ್ಗುತ್ತದೆ.

ಆದ್ದರಿಂದ ನಾಟಿ ಅವರೆಯನ್ನು ಮುಂಗಾರಿನಲ್ಲಿಯೇ ಬಿತ್ತಬೇಕು. ಬೇಸಿಗೆಯಲ್ಲಿ ಬೆಳೆಯಬೇಕೆನ್ನುವವರು ಹಗಲಿನ ಉದ್ದಕ್ಕೆ ಕಾಯದೆ ಹೂ ಬಿಡುವ ಹೆಬ್ಬಾಳ ಅವರೆ-3 ಅಥವಾ ಹೆಬ್ಬಾಳ ಅವರೆ-4 ತಳಿಯನ್ನು ಆರಿಸಿಕೊಳ್ಳಬೇಕು. ಯಾವುದೇ ಹೊಸ ಬೀಜವನ್ನು ದೂರದ ಊರಿನಿಂದ ತರುವಾಗ ಅದರ ಇಳುವರಿಯನ್ನಷ್ಟೇ ಕೇಳದೆ, ಅದು ಯಾವ ಹಂಗಾಮಿನದು ಎಂಬುದನ್ನೂ ತಪ್ಪದೆ ಕೇಳಿ ತಿಳಿದುಕೊಳ್ಳಿ.