ತುಟಿ ಉರಿಗೆ ಚೂಯಿಂಗ್ ಗಮ್ ಕಾರಣನಾ? ಪುದೀನ ಅಲರ್ಜಿ ಬಗ್ಗೆ ಒಂದಿಷ್ಟು

ಹಿಂಜವಡಿ ಟ್ರಾಫಿಕ್‌ನಲ್ಲಿ ಕ್ಯಾಬ್ ಒಳಗೆ ಕೂತು ಚೂಯಿಂಗ್ ಗಮ್ ಅಗಿಯೋರು ನಮ್ಮಲ್ಲಿ ತುಂಬಾ ಜನ, ನಾನೂ ಅದೇ ಗುಂಪು. ಕಳೆದ ವರ್ಷ ಸುಮಾರು ನಾಲ್ಕು ತಿಂಗಳು ನನ್ನ ತುಟಿ ಸಿಪ್ಪೆ ಸುಲೀತಾ ಇತ್ತು, ಕೆನ್ನೆ ಒಳಗಡೆ ಉರಿ. ಪುಣೆಯ ಒಣ ಚಳಿ ಅಂದ್ಕೊಂಡೆ. ಊರಿಗೆ ಫೋನ್ ಮಾಡಿದ್ರೆ ಅಮ್ಮ, "ಉಷ್ಣ ಆಗಿದೆ ಕಣೋ, ಎಳನೀರು ಕುಡಿ" ಅಂದ್ರು. ಬಿ-ಕಾಂಪ್ಲೆಕ್ಸ್ ಮಾತ್ರೆನೂ ನುಂಗಿದೆ. ಕೊನೆಗೆ ಚರ್ಮದ ಡಾಕ್ಟರು ಬೆನ್ನಿಗೆ ಪ್ಯಾಚ್ ಟೆಸ್ಟ್ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಿ ಹೇಳಿದ್ರು: ಪೆಪ್ಪರ್‌ಮಿಂಟ್ ಎಣ್ಣೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮಿಂಟ್ ತಿಂದಾಗ ಬಾಯಿ ನಿಜವಾಗಿ ತಣ್ಣಗಾಗೋದಿಲ್ಲ. ತಂಪನ್ನು ಗುರುತಿಸೋ ಟಿಆರ್‌ಪಿಎಂ8 ಅನ್ನೋ ಪ್ರೋಟೀನ್ ನಮ್ಮ ನರಗಳಲ್ಲಿದೆ, ಮೆಂಥಾಲ್ ಹೋಗಿ ಅದನ್ನು ಆನ್ ಮಾಡುತ್ತೆ. ಸೆನ್ಸರ್‌ಗೆ ಸುಳ್ಳು ರೀಡಿಂಗ್ ಕೊಟ್ಟ ಹಾಗೆ. ಈ ತರದ ಸೆನ್ಸರ್‌ಗಳನ್ನು ಕಂಡುಹಿಡಿದಿದ್ದಕ್ಕೇ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂದಿದ್ದು. ಸ್ಟ್ರಾಂಗ್ ಮಿಂಟ್ ಹಾಕ್ಕೊಂಡಾಗ ಚುರುಗುಟ್ಟಿ, ಉಗಿದ ಮೇಲೆ ಸುಮ್ಮನಾದ್ರೆ ಅದು ಇದೇ ಆಟ. ಅಲರ್ಜಿ ಅಲ್ಲ.

ಅಲರ್ಜಿ ಬೇರೆ ದಾರಿ. ದೇಹದ ರಕ್ಷಣಾ ವ್ಯವಸ್ಥೆ ಆ ಅಣುವನ್ನು ಶತ್ರು ಅಂತ ಗುರುತು ಹಾಕ್ಕೊಂಡಿರುತ್ತೆ. ನನ್ನದು ನಿಧಾನದ್ದು: ತಾಗಿ ಒಂದೆರಡು ದಿನಕ್ಕೆ ಉರಿ, ಹುಣ್ಣು, ಸಿಪ್ಪೆ. ಅದಕ್ಕೇ ಯಾವುದರಿಂದ ಆಯ್ತು ಅಂತ ಹೊಳೆಯೋದೇ ಇಲ್ಲ. ಚಟ್ನಿ ಆದ್ರೆ ನುಂಗಿಬಿಡ್ತೀವಿ. ಗಮ್ ಅರ್ಧ ಗಂಟೆ ಕೆನ್ನೆಗೇ ಒತ್ತಿಕೊಂಡಿರುತ್ತೆ. ಇನ್ನೊಂದು ತರದ್ದು ಅಪರೂಪ, ಆದ್ರೆ ಅಪಾಯ. ನಿಮಿಷಗಳಲ್ಲಿ ಮೈಮೇಲೆ ಗಂಧೆ, ತುಟಿ-ಗಂಟಲು ಊತ, ಉಸಿರಾಟಕ್ಕೆ ಕಷ್ಟ. ಹಾಗಾದ್ರೆ ಸೆಟ್ರಿಜಿನ್ ನುಂಗಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಅಡ್ರಿನಲಿನ್ ಇಂಜೆಕ್ಷನ್ ಬೇಕಾಗುತ್ತೆ.

ಸರಿ, ಮಿಂಟ್ ಬಿಟ್ಟು ದಾಲ್ಚಿನ್ನಿ ಗಮ್ ತಗೊಳ್ಳೋಣ ಅಂದ್ರೆ (ಆನ್‌ಸೈಟ್ ಮುಗಿಸಿ ಬರೋರು ಕೆಂಪು ಪ್ಯಾಕೆಟ್ ತರ್ತಾರಲ್ಲ, ಅದು) ಅದರಲ್ಲಿರೋ ಸಿನ್ನಮಾಲ್ಡಿಹೈಡ್ ಬಾಯಿ ಹುಣ್ಣಿಗೆ ಇನ್ನೂ ಹೆಸರುವಾಸಿ. ಸ್ಪಿಯರ್‌ಮಿಂಟ್ ವಾಸನೆ ಬೇರೆ ಅಣುವಿಂದು, ಕಾರ್ವೋನ್. ಅದರ ಕನ್ನಡಿ ಪ್ರತಿಬಿಂಬ ಸಬ್ಬಸಿಗೆ ಬೀಜದಲ್ಲಿದೆ. ಎಡಗೈ-ಬಲಗೈ ಇದ್ದ ಹಾಗೆ, ಆದ್ರೂ ಮೂಗಿಗೆ ಎರಡೂ ಪೂರ್ತಿ ಬೇರೆ. ಕೆಲವರಿಗೆ ಈ ಕಾರ್ವೋನ್ ಕೂಡ ಆಗೋದಿಲ್ಲ.

ಲೇಬಲ್ ನೋಡಿದ್ರಾಯ್ತಲ್ಲ ಅಂತೀರಾ? ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಅಲರ್ಜಿ ಅಂತ ಬರೀಲೇಬೇಕಾದ್ದು ಗೋಧಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ ಇತ್ಯಾದಿ 8 ಗುಂಪು. ಪುದೀನ ಅದರಲ್ಲಿಲ್ಲ. ಪ್ಯಾಕೆಟ್ ಹಿಂದೆ "ಆಡೆಡ್ ಫ್ಲೇವರ್" ಅಂತಷ್ಟೇ ಇದ್ರೂ ಆಶ್ಚರ್ಯ ಇಲ್ಲ. ಹಣ್ಣಿನ ಚಿತ್ರ ಇರೋ ಗಮ್ ಅಗಿದಾಗಲೂ ತಂಪು ಅನ್ನಿಸಿದ್ರೆ ಒಳಗೆ ಮೆಂಥಾಲ್ ಇರಬಹುದು. ನನಗೆ ನಿಜಕ್ಕೂ ಸಿಟ್ಟು ಬರೋದು ಇಲ್ಲೇ. ಒಂದು ಪದ ಬರೆಯೋಕೆ ಏನು ಖರ್ಚು?

ಗಮ್ ಬಿಡೋದು ಸುಲಭ. ಟೂತ್‌ಪೇಸ್ಟ್, ಮೌತ್‌ವಾಶ್, ಕೆಮ್ಮಿನ ಪೆಪ್ಪರ್‌ಮಿಂಟು, ತಲೆನೋವಿನ ಮುಲಾಮು, ಬಿರಿಯಾನಿ ಎಲ್ಲ ಕಡೆ ಇದೆ ಇದು. ಪಾನಿಪುರಿ ಗಾಡಿ ಮುಂದೆ "ಪುದಿನಾ ನಕೋ" ಅಂದ್ರೆ ಭಯ್ಯಾ ನಮ್ಮ ಮುಖ ನೋಡ್ತಾನೆ, ಅವನ ಪಾನಿಯೇ ಪುದೀನ. ಸಿಹಿ ಚಟ್ನಿ ಹಾಕಿಸಿಕೊಂಡು ಸೇವ್‌ಪುರಿ ತಿನ್ನಬಹುದು, ಆದ್ರೆ ಹಸಿರು ಚಟ್ನಿ ಬೇಡ ಅಂತ ಮೊದಲೇ ಹೇಳಬೇಕು. ತುಳಸಿ, ದೊಡ್ಡಪತ್ರೆ, ಪಿಜ್ಜಾ ಮೇಲಿನ ಒರೆಗಾನೊ ಎಲ್ಲ ಪುದೀನದ ಕುಟುಂಬದವೇ, ಕೆಲವರಿಗೆ ಅವೂ ಆಗೋದಿಲ್ಲ. ನನಗೆ ದೊಡ್ಡಪತ್ರೆ ತಂಬುಳಿ ಇದುವರೆಗೂ ತೊಂದರೆ ಕೊಟ್ಟಿಲ್ಲ, ಪುಣ್ಯ. ಅನುಮಾನ ಇದ್ರೆ ಮನೇಲೇ ತಿಂದು ಟೆಸ್ಟ್ ಮಾಡಬೇಡಿ, ಡಾಕ್ಟರ್ ಹತ್ರ ಹೋಗಿ.

ನಾನೀಗ ಮಗಳ ಸ್ಟ್ರಾಬೆರಿ ಪೇಸ್ಟ್‌ನಲ್ಲೇ ಹಲ್ಲುಜ್ಜೋದು. ಮಕ್ಕಳ ಪೇಸ್ಟ್ ತಗೊಳ್ಳೋರು ಫ್ಲೋರೈಡ್ ಎಷ್ಟಿದೆ ನೋಡಿಕೊಳ್ಳಿ, ದೊಡ್ಡವರಿಗೆ 1000 ಪಿಪಿಎಂ ಆದ್ರೂ ಬೇಕು, ಕೆಲವು ಮಕ್ಕಳ ಪೇಸ್ಟಲ್ಲಿ ಅದರ ಅರ್ಧವೂ ಇರಲ್ಲ. ಮೂರು ವಾರಕ್ಕೆ ತುಟಿ ಸರಿಯಾಯ್ತು. ಮಗಳದ್ದು ಮಾತ್ರ ದಿನಾ ತಕರಾರು, ನನ್ನ ಪೇಸ್ಟ್ ಖಾಲಿ ಮಾಡ್ತೀಯ ಅಂತ.