ಮ್ಯಾಕ್ 2 ವೇಗದ ಹಕ್ಕಿ ಹಾರಬಲ್ಲದೇ?

ನೀವು ಎಂಟು ಅಥವಾ ಒಂಬತ್ತನೆಯ ತರಗತಿಗೆ ವಿಜ್ಞಾನ ಬೋಧಿಸುವ ಶಿಕ್ಷಕರು ಎಂದುಕೊಳ್ಳೋಣ. ಶಬ್ದದ ವೇಗದ ಪಾಠ ಮುಗಿದಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಶಬ್ದದ ಎರಡರಷ್ಟು ವೇಗದಲ್ಲಿ ಹಾರುವ ಹಕ್ಕಿ ಇದೆ. ಹೆಸರು ಪಿಡ್ಜಿಯಟ್. ಪೋಕೆಮಾನ್ ಆಟದಲ್ಲಿ ಬರೆದಿದ್ದಾರೆ" ಎನ್ನುತ್ತಾನೆ. ತರಗತಿ ನಗುತ್ತದೆ. ನೀವೇನು ಹೇಳುತ್ತೀರಿ? "ಆಟ ಬಿಟ್ಟು ಪಾಠ ಓದು" ಎನ್ನುವುದು ಸುಲಭ. ಆದರೆ ಆ ಹುಡುಗ ಕೈಗೆ ಕೊಟ್ಟಿರುವುದು ಒಂದು ಅಳತೆ. ಅಳತೆ ಎಲ್ಲಿಂದಲೇ ಬರಲಿ, ಅದನ್ನು ಪರೀಕ್ಷಿಸಿ ನೋಡುವುದೇ ಭೌತವಿಜ್ಞಾನದ ಕೆಲಸ. ಬನ್ನಿ, ಈ ಹಕ್ಕಿಯನ್ನು ಒಮ್ಮೆ ತಕ್ಕಡಿಯಲ್ಲಿಟ್ಟು ನೋಡೋಣ.

ಆಟದೊಳಗಿನ ಹಕ್ಕಿ

ಪೋಕೆಮಾನ್ ಜಪಾನಿನ ವಿಡಿಯೊ ಆಟ. ವಿಚಿತ್ರ ಜೀವಿಗಳನ್ನು ಹುಡುಕಿ ಹಿಡಿದು, ಪಳಗಿಸಿ, ಸಂಗ್ರಹಿಸುತ್ತಾ ಹೋಗುವುದೇ ಅದರ ತಿರುಳು. ಬಾಲ್ಯದಲ್ಲಿ ಕೀಟಗಳನ್ನು ಸಂಗ್ರಹಿಸುವ ಹುಚ್ಚು ಹಿಡಿಸಿಕೊಂಡಿದ್ದ ಸತೋಶಿ ತಾಜಿರಿ ಎಂಬಾತ ಇದನ್ನು ಕಲ್ಪಿಸಿದ. ಮೊದಲ ಆವೃತ್ತಿಗಳು 1996ರಲ್ಲಿ ಅಂಗೈಯಲ್ಲಿ ಹಿಡಿಯುವ 'ಗೇಮ್ ಬಾಯ್' ಯಂತ್ರಕ್ಕಾಗಿ ಹೊರಬಂದವು. ಅವುಗಳಲ್ಲಿ ಒಟ್ಟು 151 ಜೀವಿಗಳಿದ್ದವು. ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ, ಎತ್ತರ, ತೂಕ ಮತ್ತು ಒಂದೆರಡು ಸಾಲಿನ ವಿವರಣೆ ಉಂಟು. ಈ ಮಾಹಿತಿಕೋಶಕ್ಕೆ ಪೋಕೆಡೆಕ್ಸ್ ಎಂದು ಹೆಸರು.

16, 17 ಮತ್ತು 18ನೆಯ ಸಂಖ್ಯೆಯ ಜೀವಿಗಳು ನಮಗೆ ಬೇಕಾದ ಹಕ್ಕಿಗಳು. ಪಿಡ್ಜಿ ಪುಟ್ಟ ಹಕ್ಕಿ: ಎತ್ತರ 0.3 ಮೀಟರ್, ತೂಕ 1.8 ಕಿಲೋಗ್ರಾಂ. ಅದರ ಜಪಾನೀ ಹೆಸರು 'ಪೊಪ್ಪೊ'. ಪಾರಿವಾಳದ ಗುಟುರಿನ ಅನುಕರಣೆ ಅದು. ಇದು ಬೆಳೆದು ಪಿಡ್ಜಿಯೊಟ್ಟೊ ಆಗುತ್ತದೆ: 1.1 ಮೀಟರ್, 30 ಕಿಲೋಗ್ರಾಂ. ಕೊನೆಯದು ಪಿಡ್ಜಿಯಟ್: 1.5 ಮೀಟರ್, 39.5 ಕಿಲೋಗ್ರಾಂ. ಪಿಡ್ಜಿಯಟ್ ಮ್ಯಾಕ್ 2 ವೇಗದಲ್ಲಿ ಹಾರುತ್ತಾ ಬೇಟೆ ಹುಡುಕುತ್ತದೆ ಎಂದು ಒಂದು ಆವೃತ್ತಿ ಹೇಳಿದರೆ, ನೀರಿನ ಮೇಲ್ಮೈಗೆ ತಾಗುವಂತೆ ವೇಗವಾಗಿ ಹಾರಿ ಮ್ಯಾಜಿಕಾರ್ಪ್ ಎಂಬ ಮೀನನ್ನು ಎತ್ತಿಕೊಳ್ಳುತ್ತದೆ ಎಂದು ಇನ್ನೊಂದು ಹೇಳುತ್ತದೆ.

ಒಂದು ಎಚ್ಚರಿಕೆ. ಈ ಬದಲಾವಣೆಯನ್ನು ಆಟದಲ್ಲಿ 'ವಿಕಾಸ' ಎಂದು ಕರೆಯುತ್ತಾರೆ. ಒಂದೇ ಜೀವಿ ತನ್ನ ಆಯುಷ್ಯದಲ್ಲೇ ರೂಪ ಬದಲಿಸುವುದು ವಿಕಾಸವಲ್ಲ. ಕಂಬಳಿಹುಳು ಚಿಟ್ಟೆಯಾಗುವಂತಹ ರೂಪಾಂತರ. ಜೀವವಿಕಾಸ ನಡೆಯುವುದು ತಲೆಮಾರುಗಳ ಮೂಲಕ, ಜೀವಿಸಮೂಹದಲ್ಲಿ. ಮಕ್ಕಳಲ್ಲಿ ಈ ಗೊಂದಲ ಉಳಿಯದಂತೆ ನೋಡಿಕೊಳ್ಳುವುದು ಒಳ್ಳೆಯದು.

ವರ್ಗ ಮತ್ತು ಘನ

ಒಂದು ವಸ್ತುವಿನ ಆಕಾರ ಕೆಡದಂತೆ ಅದರ ಉದ್ದವನ್ನು ಎರಡರಷ್ಟು ಮಾಡಿದರೆ ಮೇಲ್ಮೈ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ, ಗಾತ್ರ ಎಂಟರಷ್ಟಾಗುತ್ತದೆ. ಸಾಂದ್ರತೆ ಬದಲಾಗದಿದ್ದರೆ ತೂಕವೂ ಎಂಟರಷ್ಟು. ಅಂದರೆ ವಿಸ್ತೀರ್ಣ ಉದ್ದದ ವರ್ಗದಂತೆಯೂ ತೂಕ ಉದ್ದದ ಘನದಂತೆಯೂ ಬೆಳೆಯುತ್ತವೆ. ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ಚರ್ಚಿಸಿ, ದೈತ್ಯ ಪ್ರಾಣಿಗಳ ಮೂಳೆಗಳು ಏಕೆ ಅಷ್ಟು ದಪ್ಪವಾಗಿರಬೇಕು ಎಂದು ವಿವರಿಸಿದ್ದಾನೆ.

ಈಗ ಪಿಡ್ಜಿಯಿಂದ ಪಿಡ್ಜಿಯಟ್‌ಗೆ ಬನ್ನಿ. ಉದ್ದ ಐದು ಪಟ್ಟು. ಐದರ ಘನ 125. ಆದ್ದರಿಂದ ತೂಕ 1.8 × 125 = 225 ಕಿಲೋಗ್ರಾಂ ಆಗಬೇಕಿತ್ತು. ಆಟದಲ್ಲಿರುವುದು 39.5 ಮಾತ್ರ, ಕೇವಲ 22 ಪಟ್ಟು. ಹಾಗಾದರೆ ಯಾವ ಸಂಖ್ಯೆ ತಪ್ಪು?

ನಿಜವಾದ ಪಾರಿವಾಳವನ್ನು ಸಾಕ್ಷಿಗೆ ಕರೆಯೋಣ. ನಮ್ಮ ಕಟ್ಟಡಗಳ ಸಂದುಗಳಲ್ಲಿ ಗೂಡು ಕಟ್ಟುವ ಪಾರಿವಾಳದ ಉದ್ದ ಸುಮಾರು 33 ಸೆಂಟಿಮೀಟರ್, ತೂಕ ಸುಮಾರು 300 ಗ್ರಾಂ. ಇದನ್ನು 1.5 ಮೀಟರಿಗೆ ಹಿಗ್ಗಿಸಿದರೆ ತೂಕ ಸುಮಾರು 28 ಕಿಲೋಗ್ರಾಂ ಬರುತ್ತದೆ. ಪಿಡ್ಜಿಯಟ್‌ನ 39.5 ಇದಕ್ಕಿಂತ ಹೆಚ್ಚಾದರೂ ನಂಬಲಾಗದಷ್ಟಲ್ಲ. ಅದೇ ಪಾರಿವಾಳವನ್ನು 30 ಸೆಂಟಿಮೀಟರಿಗೆ ಕುಗ್ಗಿಸಿದರೆ ತೂಕ ಸುಮಾರು 225 ಗ್ರಾಂ. ಪಿಡ್ಜಿಯ ತೂಕವೋ ಅದರ ಎಂಟರಷ್ಟು! ಹಕ್ಕಿಯ ಒಡಲಿನ ಸಾಂದ್ರತೆ ನೀರಿಗಿಂತ ತುಸು ಕಡಿಮೆ. ಅದನ್ನು ಎಂಟರಿಂದ ಗುಣಿಸಿದರೆ ಕಬ್ಬಿಣದ ಹತ್ತಿರಕ್ಕೆ ಬರುತ್ತೇವೆ. ದೈತ್ಯ ಹಕ್ಕಿಯ ಮೇಲೆ ನಮಗೆ ಅನುಮಾನವಿತ್ತು; ಸಿಕ್ಕಿಬಿದ್ದದ್ದು ಮರಿಹಕ್ಕಿ.

ನೆಲ ಬಿಡಲು ಎಷ್ಟು ವೇಗ?

ಹಾರುವ ಹಕ್ಕಿಯ ತೂಕವನ್ನು ರೆಕ್ಕೆಯ ಮೇಲಿನ ಎತ್ತುವ ಬಲ ಹೊರಬೇಕು. ಈ ಬಲ ಗಾಳಿಯ ಸಾಂದ್ರತೆ, ರೆಕ್ಕೆಯ ವಿಸ್ತೀರ್ಣ ಮತ್ತು ವೇಗದ ವರ್ಗಗಳನ್ನು ಅವಲಂಬಿಸಿದೆ. ರೆಕ್ಕೆಯ ಒಂದು ಚದರ ಮೀಟರಿಗೆ ಬೀಳುವ ತೂಕಕ್ಕೆ 'ರೆಕ್ಕೆಯ ಹೊರೆ' ಎನ್ನೋಣ. ಹೊರೆ ಹೆಚ್ಚಿದಷ್ಟೂ, ಗಾಳಿಯಲ್ಲಿ ಉಳಿಯಲು ಬೇಕಾದ ಕನಿಷ್ಠ ವೇಗ ಹೆಚ್ಚು. ಹೊರೆಯ ವರ್ಗಮೂಲದಂತೆ ಅದು ಏರುತ್ತದೆ.

ಪಾರಿವಾಳದ ರೆಕ್ಕೆಗಳ ವಿಸ್ತೀರ್ಣ ಸುಮಾರು 0.06 ಚದರ ಮೀಟರ್. ಹೊರೆ 49 ನ್ಯೂಟನ್. ರೆಕ್ಕೆಯ ಎತ್ತುವ ಗುಣಾಂಕ 1.5 ಎಂದಿಟ್ಟುಕೊಂಡರೆ ಕನಿಷ್ಠ ವೇಗ ಗಂಟೆಗೆ ಸುಮಾರು 27 ಕಿಲೋಮೀಟರ್. ಪಿಡ್ಜಿಯಟ್‌ಗೆ ಪಾರಿವಾಳದ ಆಕಾರವನ್ನೇ ಕೊಟ್ಟರೆ ರೆಕ್ಕೆಗಳ ತುದಿಯಿಂದ ತುದಿಗೆ 3 ಮೀಟರ್, ವಿಸ್ತೀರ್ಣ 1.24 ಚದರ ಮೀಟರ್, ಹೊರೆ ಸುಮಾರು 310 ನ್ಯೂಟನ್, ಕನಿಷ್ಠ ವೇಗ ಗಂಟೆಗೆ 67 ಕಿಲೋಮೀಟರ್. ಇನ್ನು ಪಿಡ್ಜಿ? ಅದರ ಹೊರೆ ಸುಮಾರು 350 ನ್ಯೂಟನ್, ಕನಿಷ್ಠ ವೇಗ 71 ಕಿಲೋಮೀಟರ್! ಅಂಗೈಯಗಲದ ಹಕ್ಕಿ ದೈತ್ಯ ಹಕ್ಕಿಗಿಂತ ವೇಗವಾಗಿ ಓಡಿದರೆ ಮಾತ್ರ ನೆಲ ಬಿಡುತ್ತದೆ. ರೆಕ್ಕೆ ಬಡಿದು ನೆಲದ ಮರಳೆರಚಿ ವೈರಿಯ ಕಣ್ಣು ಮುಚ್ಚಿಸುವುದು ಪಿಡ್ಜಿಯ ಅಭ್ಯಾಸವೆಂದು ಆಟ ಹೇಳುತ್ತದೆ. ಈ ಲೆಕ್ಕ ನೋಡಿದರೆ, ಅದಕ್ಕೆ ಬೇರೆ ದಾರಿಯೂ ಇಲ್ಲ!

ಭಾರವಾದ ಹಕ್ಕಿಗೆ ಇನ್ನೊಂದು ತೊಡಕಿದೆ. ಒಂದೇ ಆಕಾರದ ಹಕ್ಕಿಗಳಲ್ಲಿ ಹಾರಲು ಬೇಕಾದ ಸಾಮರ್ಥ್ಯ ತೂಕ ಮತ್ತು ವೇಗಗಳ ಗುಣಲಬ್ಧದಂತೆ, ಅಂದರೆ ಉದ್ದದ 3.5ನೆಯ ಘಾತದಂತೆ ಬೆಳೆಯುತ್ತದೆ. ಸ್ನಾಯುಗಳು ಕೊಡಬಲ್ಲ ಸಾಮರ್ಥ್ಯ ಅವುಗಳ ಅಡ್ಡಕೊಯ್ತದ ವಿಸ್ತೀರ್ಣದಂತೆ, ಸುಮಾರಾಗಿ ಉದ್ದದ ವರ್ಗದಂತೆ ಬೆಳೆಯುತ್ತದೆ. ಉದ್ದ 4.5 ಪಟ್ಟಾದಾಗ ಬೇಡಿಕೆ 193 ಪಟ್ಟು, ಪೂರೈಕೆ 20 ಪಟ್ಟು. ಪಾರಿವಾಳ ಸುಲಭವಾಗಿ ಮಾಡುವ ಕೆಲಸಕ್ಕೆ ಹಿಗ್ಗಿದ ಹಕ್ಕಿ ಹತ್ತುಪಟ್ಟು ಕೊರತೆ ಅನುಭವಿಸುತ್ತದೆ. ಇಂದು ಹಾರುವ ಅತಿ ಭಾರದ ಹಕ್ಕಿಗಳು 20 ಕಿಲೋಗ್ರಾಂನ ಆಸುಪಾಸಿನಲ್ಲೇ ನಿಂತಿರುವುದಕ್ಕೆ ಇದೇ ಮುಖ್ಯ ಕಾರಣ. ಸುಮಾರು 60 ಲಕ್ಷ ವರ್ಷಗಳ ಹಿಂದೆ ಅರ್ಜೆಂಟೀನದಲ್ಲಿ ಬಾಳಿದ್ದ ಅರ್ಜೆಂಟಾವಿಸ್ ಸುಮಾರು 70 ಕಿಲೋಗ್ರಾಂ ತೂಗುತ್ತಿತ್ತೆಂಬ ಅಂದಾಜಿದೆ. ಆದರೆ ಅದರ ರೆಕ್ಕೆಗಳ ಹರವು 6ರಿಂದ 7 ಮೀಟರ್. ರೆಕ್ಕೆ ಬಡಿಯುವುದಕ್ಕಿಂತ ಮೇಲೇರುವ ಗಾಳಿಯಲ್ಲಿ ತೇಲುವುದೇ ಅದರ ಕ್ರಮ. ಹೀಗಾಗಿ 39.5 ಕಿಲೋಗ್ರಾಂನ ಹಕ್ಕಿ ಹಾರುವುದು ಅಸಾಧ್ಯವಲ್ಲ. ಅದಕ್ಕೆ ಪಾರಿವಾಳದ ರೆಕ್ಕೆ ಸಾಲದು, ಅಷ್ಟೆ.

ಮ್ಯಾಕ್ 2 ಎಂದರೆ

ಇನ್ನು ಹುಡುಗನ ಮೂಲ ಪ್ರಶ್ನೆ. ವಸ್ತುವಿನ ವೇಗವನ್ನು ಅದೇ ಗಾಳಿಯಲ್ಲಿ ಶಬ್ದದ ವೇಗದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ಮ್ಯಾಕ್ ಸಂಖ್ಯೆ ಎಂದು ಹೆಸರು. ಹಾರುವ ಗುಂಡಿನ ಸುತ್ತ ಏಳುವ ಆಘಾತ ತರಂಗದ ಛಾಯಾಚಿತ್ರವನ್ನು 1887ರಲ್ಲಿ ಪ್ರಕಟಿಸಿದ ಆಸ್ಟ್ರಿಯದ ಭೌತವಿಜ್ಞಾನಿ ಅರ್ನ್‌ಸ್ಟ್ ಮ್ಯಾಕ್ ಅವರ ನೆನಪಿಗೆ ಆ ಹೆಸರು. 20 ಡಿಗ್ರಿ ಸೆಲ್ಸಿಯಸ್ ತಾಪದ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಮ್ಯಾಕ್ 2 ಎಂದರೆ ಸೆಕೆಂಡಿಗೆ 686 ಮೀಟರ್, ಗಂಟೆಗೆ ಸುಮಾರು 2,470 ಕಿಲೋಮೀಟರ್. ಹೋಲಿಸಿ ನೋಡಿ: ಮೇಲಿನಿಂದ ಬೇಟೆಯ ಮೇಲೆರಗುವ ಪೆರಿಗ್ರೀನ್ ಡೇಗೆಯ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ, ಅದೂ ಗುರುತ್ವದ ನೆರವಿನಿಂದ.

ಗಾಳಿಯ ತಡೆ ಎಷ್ಟು? ಹಕ್ಕಿಯ ಎದುರುಮುಖದ ವಿಸ್ತೀರ್ಣ 0.1 ಚದರ ಮೀಟರ್, ತಡೆಯ ಗುಣಾಂಕ 0.5 ಎಂದು ಉದಾರವಾಗಿಯೇ ಹಿಡಿಯೋಣ. ತಡೆಯ ಬಲ = ½ × 1.2 × 686 × 686 × 0.5 × 0.1 = ಸುಮಾರು 14,000 ನ್ಯೂಟನ್. ಇದನ್ನು ವೇಗದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ: ಸುಮಾರು 97 ಲಕ್ಷ ವಾಟ್, ಅಂದರೆ 13,000 ಅಶ್ವಶಕ್ತಿ. ರೈಲು ಎಳೆಯುವ ಸುಮಾರು 6,000 ಅಶ್ವಶಕ್ತಿಯ ದೊಡ್ಡ ವಿದ್ಯುತ್ ಎಂಜಿನ್‌ಗಳು ಎರಡು ಸೇರಿದರೂ ಸಾಲದು. ಹಕ್ಕಿಯ ಒಡಲಿನ ಕಾಲುಭಾಗ ಹಾರುವ ಸ್ನಾಯು, ಕಿಲೋಗ್ರಾಂಗೆ 200 ವಾಟ್ ಎಂದರೂ ದೊರೆಯುವುದು ಸುಮಾರು 2,000 ವಾಟ್. ಕೊರತೆ ಐದು ಸಾವಿರ ಪಟ್ಟು! ನಮ್ಮ ಅಂದಾಜಿನಲ್ಲಿ ಹತ್ತುಪಟ್ಟು ತಪ್ಪಿದ್ದರೂ ತೀರ್ಪು ಬದಲಾಗದು. ಅಂದಾಜು ಲೆಕ್ಕದ ಸೊಗಸು ಇರುವುದೇ ಇಲ್ಲಿ.

ಶಕ್ತಿಯನ್ನು ಹೇಗೋ ಹೊಂದಿಸಿದೆವು ಎನ್ನಿ. ಶಬ್ದಾತೀತ ವೇಗದಲ್ಲಿ ಮೂಗಿಗೆ ಬಡಿದು ನಿಲ್ಲುವ ಗಾಳಿ ಒತ್ತಲ್ಪಟ್ಟು ಕಾಯುತ್ತದೆ. ಅದರ ನಿರಪೇಕ್ಷ ತಾಪವನ್ನು ಪಡೆಯಲು ಹೊರಗಾಳಿಯ ತಾಪವನ್ನು (1 + 0.2 × ಮ್ಯಾಕ್ ಸಂಖ್ಯೆಯ ವರ್ಗ)ದಿಂದ ಗುಣಿಸಬೇಕು. ಮ್ಯಾಕ್ 2ಕ್ಕೆ ಅದು 1.8. 293 ಕೆಲ್ವಿನ್ × 1.8 = 527 ಕೆಲ್ವಿನ್, ಅಂದರೆ 254 ಡಿಗ್ರಿ ಸೆಲ್ಸಿಯಸ್. ಬೋಂಡ ಕರಿಯುವ ಎಣ್ಣೆಯ ತಾಪ ಸುಮಾರು 180 ಡಿಗ್ರಿ. ಕೊಕ್ಕು ಮತ್ತು ಹಣೆಯ ಗರಿಗಳ ಗತಿ ಏನೆಂದು ನೀವೇ ಊಹಿಸಿ. 1976ರಿಂದ 2003ರವರೆಗೆ ಪ್ರಯಾಣಿಕರನ್ನು ಹೊತ್ತ ಕಾಂಕಾರ್ಡ್ ವಿಮಾನ ಇದೇ ವೇಗದಲ್ಲಿ ಹಾರಿತು. ಆದರೆ ಅದು ಹಾರಿದ್ದು 16–18 ಕಿಲೋಮೀಟರ್ ಎತ್ತರದ ತೆಳುವಾದ, ಸೊನ್ನೆಗಿಂತ 57 ಡಿಗ್ರಿ ಕೆಳಗಿನ ಗಾಳಿಯಲ್ಲಿ. ಅಲ್ಲಿಯೂ ಅದರ ಮೂತಿ 120 ಡಿಗ್ರಿಗಿಂತ ಹೆಚ್ಚು ಕಾಯುತ್ತಿತ್ತು.

ಮೀನು ಹಿಡಿಯುವ ಕಷ್ಟ

ಈ ವೇಗದಲ್ಲಿ ಬಂದರೆ ಮೀನಿಗೆ ಸದ್ದು ಕೇಳುವುದೇ ಇಲ್ಲ. ಶಬ್ದ ಹಕ್ಕಿಯ ಹಿಂದೆ ಶಂಕುವಿನಾಕಾರದ ಆಘಾತ ತರಂಗವಾಗಿ ಎಳೆದುಕೊಂಡು ಬರುತ್ತದೆ. ಈ ಶಂಕುವಿನ ಅರ್ಧಕೋನದ ಸೈನ್ 1/2. ಕೋನ 30 ಡಿಗ್ರಿ. ಹತ್ತು ಮೀಟರ್ ಎತ್ತರದಲ್ಲಿ ಹಕ್ಕಿ ಹಾದುಹೋದರೆ, ಸದ್ದು ಕೆಳಗೆ ತಲಪುವಾಗ ಅದು 17 ಮೀಟರ್ ಮುಂದಿರುತ್ತದೆ. ಬೇಟೆಗಾರನಿಗೆ ಇದು ಲಾಭವೇ. ಆದರೆ ಹಿಡಿಯುವ ಕ್ಷಣ ನೋಡಿ. ಮ್ಯಾಜಿಕಾರ್ಪ್ ತೂಕ 10 ಕಿಲೋಗ್ರಾಂ. ನಿಂತ ಮೀನು ಹಕ್ಕಿಯ ಉಗುರಿಗೆ ಅಂಟಿಕೊಂಡರೆ ಸಂವೇಗ ಸಂರಕ್ಷಣೆಯ ಪ್ರಕಾರ ಇಬ್ಬರ ವೇಗ ಸೆಕೆಂಡಿಗೆ ಸುಮಾರು 547 ಮೀಟರ್. ಕಳೆದುಹೋಗುವ ಚಲನಶಕ್ತಿ ಸುಮಾರು 19 ಲಕ್ಷ ಜೂಲ್. ಅರ್ಧ ಕಿಲೋಗ್ರಾಂನಷ್ಟು ಟಿಎನ್‌ಟಿ ಸಿಡಿದ ಹಾಗೆ. ಮೀನೂ ಉಳಿಯದು, ಕಾಲೂ ಉಳಿಯದು.

ತಿರುಗುವುದೂ ಸುಲಭವಲ್ಲ. ಯುದ್ಧವಿಮಾನದ ಚಾಲಕನು ವಿಶೇಷ ಉಡುಪು ತೊಟ್ಟು ತಡೆದುಕೊಳ್ಳುವ, ಗುರುತ್ವದ 9 ಪಟ್ಟು ವೇಗೋತ್ಕರ್ಷವನ್ನು ನಮ್ಮ ಹಕ್ಕಿಯೂ ತಾಳಿತೆನ್ನಿ. ಆಗಲೂ ಅದರ ತಿರುವಿನ ತ್ರಿಜ್ಯ 5 ಕಿಲೋಮೀಟರಿಗೂ ಹೆಚ್ಚು. ಕೆರೆ ದಾಟಿ ಪಕ್ಕದ ಊರು ಸೇರಿದ ಮೇಲೆಯೇ ಅದು ಹಿಂದಿರುಗೀತು.

ನಿಜವಾದ ಭಾರದ ಹಕ್ಕಿ

ಈ ಕೊನೆಯ ಲೆಕ್ಕ ಬರಿಯ ವಿನೋದವಲ್ಲ. ತಿರುವಿನ ತ್ರಿಜ್ಯ ವೇಗದ ವರ್ಗದಂತೆ ಬೆಳೆಯುತ್ತದೆ. ರೆಕ್ಕೆಯ ಹೊರೆ ಹೆಚ್ಚಿರುವ ಹಕ್ಕಿ ವೇಗವಾಗಿ ಹಾರಲೇಬೇಕು. ಆದ್ದರಿಂದ ಥಟ್ಟನೆ ಹೊರಳಲಾರದು. 15 ಕಿಲೋಗ್ರಾಂವರೆಗೆ ತೂಗುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಇಂತಹ ಹಕ್ಕಿ. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಅದಕ್ಕೆ ನೇರ ಮುಂದಿನ ನೋಟ ಕಡಿಮೆ. ಎದುರಿನ ವಿದ್ಯುತ್ ತಂತಿ ಕಾಣುವಷ್ಟರಲ್ಲಿ ತಪ್ಪಿಸಿಕೊಳ್ಳುವ ಅಂತರ ಮುಗಿದಿರುತ್ತದೆ. ಬಹುಪಾಲು ರಾಜಸ್ಥಾನದ ಮರುಭೂಮಿಯಲ್ಲಿ, ಬೆರಳೆಣಿಕೆಯಷ್ಟು ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ, ಎಲ್ಲ ಸೇರಿ ಇನ್ನೂರಕ್ಕಿಂತ ಕಡಿಮೆ ಉಳಿದಿರುವ ಈ ಹಕ್ಕಿಗೆ ತಂತಿಗಳೇ ದೊಡ್ಡ ಗಂಡಾಂತರ. ಆಟದಲ್ಲಿ ಸೋತ ಪಿಡ್ಜಿಯಟ್‌ನ್ನು ಚಿಕಿತ್ಸಾಕೇಂದ್ರಕ್ಕೆ ಒಯ್ದರೆ ಕ್ಷಣದಲ್ಲಿ ಎದ್ದು ಕೂರುತ್ತದೆ. ಬಯಲಿನ ಹಕ್ಕಿಗೆ ಆ ಅನುಕೂಲವಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಆ ಹುಡುಗನನ್ನು ಹಲಗೆಯ ಬಳಿಗೆ ಕರೆಯಿರಿ. ಮೂರು ಹಕ್ಕಿಗಳ ಎತ್ತರ ಮತ್ತು ತೂಕಗಳನ್ನು ಅವನಿಂದಲೇ ಬರೆಯಿಸಿ. ಪಿ.ಯು. ವಿದ್ಯಾರ್ಥಿಗಳಾದರೆ ಲಾಗರಿದಮ್ ತೆಗೆದು ನಕ್ಷೆ ಎಳೆಯಲಿ. ತೂಕ ಉದ್ದದ ಮೂರನೆಯ ಘಾತದಂತಲ್ಲ, ಸುಮಾರು ಎರಡನೆಯ ಘಾತದಂತೆ ಏರಿರುವುದು ಕಾಣುತ್ತದೆ. ಮರಿಗೂ ದೈತ್ಯಕ್ಕೂ ರೆಕ್ಕೆಯ ಹೊರೆ ಹೆಚ್ಚುಕಡಿಮೆ ಒಂದೇ ಆದದ್ದು ಏಕೆಂದು ಆಗ ಅವರೇ ಹೇಳುತ್ತಾರೆ. ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಆಟದಲ್ಲಿ ಕೊಟ್ಟಿರುವುದು ಎತ್ತರ, ನಾವು ಅದನ್ನೇ ಕೊಕ್ಕಿನಿಂದ ಬಾಲದವರೆಗಿನ ಉದ್ದವೆಂದು ಹಿಡಿದೆವು. ಉದ್ದ ಎತ್ತರದ ಒಂದೂವರೆ ಪಟ್ಟಿದ್ದರೆ ನಮ್ಮ ಯಾವ ತೀರ್ಮಾನಗಳು ಉಳಿಯುತ್ತವೆ, ಯಾವುವು ಬೀಳುತ್ತವೆ?

ಅಚ್ಚಾದ ಸಂಖ್ಯೆಯನ್ನು ಕಂಡೊಡನೆ ನಂಬುವುದೂ ಬೇಡ, ಆಟದ್ದೆಂದು ಎಸೆಯುವುದೂ ಬೇಡ. ಲೆಕ್ಕ ಹಾಕಿ ನೋಡುವ ಅಭ್ಯಾಸ ಪಿಡ್ಜಿಯಿಂದ ಆರಂಭವಾದರೂ ಅಡ್ಡಿಯಿಲ್ಲ. ನಾಳೆ ಅದೇ ಹುಡುಗ ಜಾಹೀರಾತಿನ ಸಂಖ್ಯೆಯನ್ನೂ ಪತ್ರಿಕೆಯ ಸಂಖ್ಯೆಯನ್ನೂ ಹೀಗೆಯೇ ತೂಗಿ ನೋಡುತ್ತಾನೆ.